ಇಪ್ಪತ್ತೆರಡಿಂಚಿನ ತೋಳು

ಲೋಕದಲ್ಲಿ ಟೈಲರುಗಳು ಎರಡು ಬಗೆ: ಟೇಪು ಹಿಡಿದು ಅಳೆಯುವವರು, ಮತ್ತು ನಮ್ಮ ಟೈಲರು. ಇಪ್ಪತ್ತಾರು ವರ್ಷಗಳಿಂದ ಅವರ ಕೊರಳಲ್ಲಿ ಟೇಪು ತೂಗುತ್ತಿತ್ತು, ಮುದಿ ರಾಜನ ಸೊಂಟದ ಕತ್ತಿಯಂತೆ ಬರೀ ಶೋಭೆಗೆ. ಗಿರಾಕಿ ಹೊಸ್ತಿಲು ದಾಟಿದರೆ ಸಾಕು, ಕಣ್ಣಲ್ಲೇ ಅಳೆದು ಅಂಕಿ ಉದುರಿಸುತ್ತಿದ್ದರು. ರಸ್ತೆಯಾಚೆ ಓಡುತ್ತಿದ್ದ ಪೊಲೀಸಿನವನನ್ನು ಒಮ್ಮೆ ನೋಡಿ ಪ್ಯಾಂಟು ಹೊಲಿದರಂತೆ, ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲವಂತೆ. ಈ ಕತೆ ಹಬ್ಬಿಸಿದವರೂ ಅವರೇ.

ಉದುರಿದ ಅಂಕಿಗಳನ್ನು ಅಳತೆ ಪುಸ್ತಕದಲ್ಲಿ ಹಿಡಿಯುತ್ತಿದ್ದವಳು ಮಗಳು. ಎಂಟನೇ ವಯಸ್ಸಿನಿಂದ ಅದೇ ಸ್ಟೂಲು, ಅದೇ ಕೆಲಸ, ಈಗ ಹದಿನೇಳು. ಒಂದು ಸಂಜೆ ಪೆನ್ನಿನ ಮುಚ್ಚಳ ಹಾಕಿ, ತನ್ನ ತರಗತಿಯ ಹುಡುಗನೊಬ್ಬ ತನಗೆ ಇಷ್ಟವೆಂದೂ, ಕದ್ದುಮುಚ್ಚಿ ತಿರುಗುವುದು ಬೇಡವೆನಿಸಿ ಹೇಳುತ್ತಿರುವೆನೆಂದೂ ಅಂದಳು. ಟೈಲರು ಅರ್ಧ ಗಂಟೆ ನೂಲಿಲ್ಲದ ಸೂಜಿಯಲ್ಲಿ ಪರದೆ ಹೊಲಿದರು. ಕೊನೆಗೆ, ಅಂಥದ್ದೇನೂ ಬೇಡ ಎಂದರು. ನೋಡದೆಯೇ ಬೇಡ ಅಂದರೆ ನಿಮ್ಮ ಕಣ್ಣಿಗೇ ಅವಮಾನ ಎಂದು ಹೆಂಡತಿ ಚುಚ್ಚಿದ ಮೇಲೆ, ಕರೆದುಕೊಂಡು ಬಾ ಎಂದರು.

ಹುಡುಗ ಬಂದ. ಕಾಲೇಜಿನ ಚರ್ಚಾಸ್ಪರ್ಧೆಗೆಂದು ಕೋಟಿನ ಬಟ್ಟೆಯನ್ನೂ ತಂದಿದ್ದ. ಟೈಲರು ಅವನನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ಭುಜ ಹದಿನಾರು. ತೋಳು ಇಪ್ಪತ್ತೆರಡು."

ಮಗಳ ಪೆನ್ನು ನಿಂತಿತು. "ಅಪ್ಪ, ಒಂದ್ಸಲ ಟೇಪ್ ಹಿಡಿ."

"ಬರ್ಕೋ ಅಂದೆ."

ಬರೆದುಕೊಂಡಳು.

ಸೋಮವಾರ ಕೋಟು ತೊಡಿಸಿ ನೋಡಿದರೆ, ತೋಳು ಮಣಿಕಟ್ಟಿಗೆ ಹೊರಟು ದಾರಿಯಲ್ಲೇ ಸುಸ್ತಾಗಿ ಕೂತಿತ್ತು. ಬೆನ್ನು ಬಿಗಿದು ಹುಡುಗ ಹ್ಯಾಂಗರಿಗೆ ತೂಗುಹಾಕಿದಂತಿದ್ದ. ಮೂಲೆಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದ ಅಂಗಡಿಯ ಕೆಲಸದ ಅಜ್ಜ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ.

"ಪರ್ವಾಗಿಲ್ಲ ಅಂಕಲ್," ಎಂದ ಹುಡುಗ, "ಕೈ ಹಿಂದೆ ಕಟ್ಕೊಂಡು ಮಾತಾಡ್ತೀನಿ."

ಜಗಳಕ್ಕಾದರೂ ನಿಂತಿದ್ದರೆ ಟೈಲರಿಗೆ ಎಷ್ಟು ನೆಮ್ಮದಿಯಾಗುತ್ತಿತ್ತು. ಅವನು ಹೋದ ಮೇಲೆ ಮಗಳು ಪುಸ್ತಕ ಮುಚ್ಚಿದಳು. "ನೀನು ಅವನನ್ನ ನೋಡ್ಲೇ ಇಲ್ಲ ಅಪ್ಪ. ಅವನು ಎಷ್ಟು ಚಿಕ್ಕೋನಾಗಿರ್ಬೇಕು ಅಂತ ನಿಂಗೆ ಆಸೆಯೋ, ಅಷ್ಟು ಹೊಲ್ದೆ."

ಮರುದಿನದಿಂದ ಅವಳು ಅಂಗಡಿಗೆ ಬರಲಿಲ್ಲ. ಟೈಲರು ಕೂತಲ್ಲಿ ಕೂರಲಿಲ್ಲ. ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕತ್ತರಿ ಹುಡುಕಿದರು. ಗಿರಾಕಿಗಳು ಬಂದರೆ ಅಭ್ಯಾಸಬಲದಿಂದ ಅಂಕಿ ಉದುರಿಸುವರು. ಹಿಡಿಯುವವರಿಲ್ಲದೆ ಅವು ಮೇಜಿನ ಕೆಳಗೆ ಉರುಳಿಹೋದಂತಾಗುವುದು. ಮನೆಯಲ್ಲಿ ಮಗಳು ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುವಳು. ಕೆಟ್ಟ ಕೋಟು, ಒಳಗೆ ಮಡಚಿಟ್ಟ ಬಟ್ಟೆ ಬಿಚ್ಚಿ ಹೊಲಿದರೆ ಸರಿಹೋದೀತು. ಈ ಸಲ ತಾನಾಗಿಯೇ ಬಂದು ಹೇಳಿದವಳು ಮುಂದಿನ ಸಲ ಹೇಳದೇ ಹೋದರೆ? ಈ ಒಂದು ಯೋಚನೆ ಅಂಗಿಯೊಳಗೆ ಉಳಿದ ಗುಂಡುಸೂಜಿಯಂತೆ ಎಲ್ಲಿ ತಿರುಗಿದರೂ ಚುಚ್ಚುತ್ತಿತ್ತು.

ಗುರುವಾರ, ಸ್ಪರ್ಧೆಗೆ ಒಂದು ದಿನ ಉಳಿದಿರುವಾಗ, ಮಗಳೂ ಹುಡುಗನೂ ಕೋಟಿನೊಂದಿಗೆ ಅಂಗಡಿಗೆ ಬರಬೇಕೆಂದು ಹೆಂಡತಿಯ ಕೈಲಿ ಹೇಳಿಕಳಿಸಿದರು. ಬಂದರು. ಟೈಲರು ಹುಡುಗನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ತಮ್ಮ ಕೊರಳಿಗೆ ಕೈ ಹಾಕಿ, ಟೇಪು ಎಳೆದರು. ಇಪ್ಪತ್ತಾರು ವರ್ಷ ಒರೆಯಲ್ಲಿದ್ದ ಕತ್ತಿ ಹೊರಬಂತು. ಕಾಜಾ ಅಜ್ಜ ಎದ್ದು ನಿಂತ. ಟೇಪಿನ ಅಂಕಿಗಳು ನಿನ್ನೆ ಅಚ್ಚಾದಂತಿದ್ದವು. ಭುಜಕ್ಕೆ ಹಿಡಿದರು, ಮಣಿಕಟ್ಟಿನವರೆಗೆ ಇಳಿಸಿದರು, ನಂಬದೆ ಇನ್ನೊಮ್ಮೆ ಇಳಿಸಿದರು.

ಮಗಳು ಸ್ಟೂಲಿನ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದಳು. "ಹಾಗಾದ್ರೆ ಒಪ್ಕೊಂಡ್ಯಾ ಅಪ್ಪ?"

"ತೋಳು ಇಪ್ಪತ್ನಾಲ್ಕೂವರೆ," ಎಂದರು ಟೈಲರು. "ಬರ್ಕೋ."