ಅನ್ನ ಬರುವ ಮೊದಲು

ಮೈಸೂರಿನಿಂದ ನಾನು ತಂಗಿಯ ಮನೆಗೆಂದು ಅಮೆರಿಕದ ರೆಡ್ಮಂಡ್‌ಗೆ ಹೋಗಿದ್ದೆ. ಅಲ್ಲಿನ ಎಜುಕೇಶನ್ ಹಿಲ್ ಬಡಾವಣೆಯಲ್ಲಿ ಅವಳ ಪಕ್ಕದ ಮನೆಯವರು ಒಬ್ಬ ಜಪಾನಿ ಅಜ್ಜಿ. ನಾನು ಬೇಲಿಯ ಮೇಲಿಂದ ಕೊತ್ತಂಬರಿ ಸೊಪ್ಪು ಕೊಟ್ಟರೆ ಅವರು ಮೂಲಂಗಿ ಕೊಡುತ್ತಿದ್ದರು. ನಾವು ಮೀನು ಮುಟ್ಟುವವರಲ್ಲವೆಂದು ತಿಳಿದು, ತಮ್ಮ ದೇಶದ ಬೌದ್ಧ ಮಠಗಳ ಅಡುಗೆ ಮಾಡುತ್ತೇನೆಂದು ಒಂದು ಶನಿವಾರ ಊಟಕ್ಕೆ ಕರೆದರು. ಹಿಂದಿನ ದಿನವಿಡೀ ಅವರ ಅಡುಗೆಮನೆಯ ಕಿಟಕಿಯಲ್ಲಿ ಹಬೆ. ನಾನು ಕುತೂಹಲ ತಡೆಯಲಾರದೆ ಬೇಲಿಯ ಹತ್ತಿರ ಸುಮ್ಮನೆ ಸುಳಿದಾಡಿದೆ.

ತಂಗಿ ಆಫೀಸಿನವರ ಜೊತೆ ಪಕ್ಕದೂರು ಬೆಲ್ವ್ಯೂನ ಜಪಾನಿ ಹೋಟೆಲುಗಳಿಗೆ ಹೋಗಿ ಬಂದವಳು. ಅಷ್ಟಕ್ಕೇ ಜಪಾನನ್ನು ಅರೆದು ಕುಡಿದವಳಂತೆ ನಾನು ಸೀರೆ ಉಡುವಾಗಲೇ ಪಾಠ ಶುರು ಮಾಡಿದ್ದಳು.

ಅಜ್ಜಿ ಮೊದಲು ತಂದದ್ದು ನಮ್ಮ ಹಾಲುಬಾಯಿಯ ಹಾಗೆ ಅಲುಗಾಡುವ ಒಂದು ತುಂಡು. ಎಳ್ಳಿನದಂತೆ. ಆಮೇಲೆ ತೂತುತೂತಿನ ತಾವರೆ ಗೆಡ್ಡೆ, ಕೆಂಪು ಮೇಪಲ್ ಎಲೆಯ ಮೇಲೆ ಬದನೆಕಾಯಿ, ಮುಚ್ಚಳವಿದ್ದ ಕರಿ ಬಟ್ಟಲಲ್ಲಿ ಸಾರು. ಆ ಎಲೆಯನ್ನು ತಿನ್ನಬೇಕೋ ಕರಿಬೇವಿನಂತೆ ಪಕ್ಕಕ್ಕಿಡಬೇಕೋ ಎಂದು ಯೋಚಿಸುತ್ತ ನಾನು ಕೈ ಚಾಚಿದೆ.

"ಅಕ್ಕಾ, ತಡಿ," ಎಂದಳು ತಂಗಿ ಮೆಲ್ಲಗೆ. "ಇವೆಲ್ಲ ನೆಂಚ್ಕೊಳ್ಳೋಕೆ ಕಣೇ. ಅನ್ನ ಬರ್ಲಿ."

ನನಗೂ ಸರಿಯೆನಿಸಿತು. ನಮ್ಮಲ್ಲಿ ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯ ಬಡಿಸಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವವರುಂಟೇ? ಅನ್ನ, ತುಪ್ಪ ಬೀಳುವವರೆಗೆ ಕೈಕಟ್ಟಿ ಕೂರುವುದೇ ಮರ್ಯಾದೆ. ಹಾಗೇ ಕೂತೆವು. ಅಜ್ಜಿ ಒಳಗೆ ಹೋಗಿ ಬರುವರು, ತುಂಬಿದ ಬಟ್ಟಲುಗಳನ್ನು ನೋಡುವರು, ಇನ್ನೊಂದು ಇಡುವರು. ಸಾರಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಅವರ ನಗು ಸಣ್ಣಗಾಗುತ್ತ ಬಂತು.

ಕೊನೆಗೆ ಎದುರು ಕೂತು, ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು: "ನಿಮಗೆ ಹಿಡಿಸಲಿಲ್ಲವೇ? ಮೀನು ಹಾಕಿಲ್ಲ. ಸಾರಿಗೂ ಬರೀ ಕಡಲಪಾಚಿ, ಅಣಬೆ."

ನಮಗಾಗಿ ಅಷ್ಟು ಪಾಡು ಪಟ್ಟು ಮಾಡಿದ ಅಡುಗೆಯನ್ನು ನಾವು ಅನುಮಾನದಿಂದ ಬಿಟ್ಟಿದ್ದೇವೆಂದು ಅವರು ತಿಳಿದಿದ್ದರು. ನಾನು ಬಂದ ಇಂಗ್ಲಿಷನ್ನೆಲ್ಲ ಸೇರಿಸಿ, ಕೈಯಲ್ಲಿ ಮೇಜಿನ ಮೇಲೆ ಬಾಳೆಲೆ ಬರೆದು, ಎಲ್ಲೆಲ್ಲಿ ಏನು ಬಡಿಸುತ್ತಾರೆ, ಯಾವಾಗ ಉಣ್ಣಲು ತೊಡಗುತ್ತೇವೆ ಎಂದು ವಿವರಿಸಿದೆ. ತಂಗಿ ತಲೆ ಎತ್ತಲಿಲ್ಲ.

"ನಮ್ಮಲ್ಲಿ ಅನ್ನ ಕೊನೆಗೆ," ಎಂದರು ಅಜ್ಜಿ. "ಅನ್ನ ಇಟ್ಟರೆ ಇನ್ನು ಬೇರೇನೂ ಇಲ್ಲ ಎಂದರ್ಥ."

"ಹಾಗಾದರೆ ನಿಮ್ಮ ಕ್ರಮದಲ್ಲೇ ಉಣ್ಣುತ್ತೇವೆ," ಎಂದು ನಾನು ಬದನೆಕಾಯಿ ಎತ್ತಿಕೊಂಡೆ. ಆರಿದ್ದರೂ ರುಚಿಯಾಗಿತ್ತು.

ಅವರು ಎದ್ದು ಒಳಗೆ ಹೋದರು. ಬಂದಾಗ ತಟ್ಟೆಯಲ್ಲಿ ಬಿಸಿ ಅನ್ನದ ಮೂರು ಬಟ್ಟಲು. ಒಂದನ್ನು ತಮ್ಮ ಮುಂದೆಯೇ ಇಟ್ಟುಕೊಂಡರು. ಎಳ್ಳಿನ ತುಂಡಿನ ಒಂದು ಮೂಲೆ, ಚೂರು ಬದನೆಕಾಯಿ ಅನ್ನದ ಮೇಲೆ ಹಾಕಿ, ಊಟದ ಕಡ್ಡಿಗಳಿಂದಲೇ ಕಲಸಲು ನೋಡಿದರು. ಆಗಲಿಲ್ಲ. ಕಡ್ಡಿ ಪಕ್ಕಕ್ಕಿಟ್ಟು ನನ್ನ ಕೈಯ ಕಡೆ ನೋಡಿದರು. ನಾನು ಕಲಸಿ ತೋರಿಸಿದೆ.

"ನಮ್ಮಮ್ಮ ಇದ್ದಿದ್ದರೆ ಬೈಯುತ್ತಿದ್ದರು," ಎಂದು ಹೇಳಿ, ಬಾಗಿಲ ಕಡೆ ಒಮ್ಮೆ ನೋಡಿ, ಆ ಅಜ್ಜಿ ಕೈಯಿಂದಲೇ ತುತ್ತು ಬಾಯಿಗಿಟ್ಟುಕೊಂಡರು.