ಅಕ್ಕ ನೋಡುವ ಊಟ

ಗಂಟಲಿನ ಆಪರೇಷನ್ ಆಗಿ ಮೂಗಿಗೆ ನಳಿಗೆ ಹಾಕಿದ ಮೇಲೆ ಅಕ್ಕ ಟಿವಿಯಲ್ಲಿ ಊಟದ ಕಾರ್ಯಕ್ರಮಗಳನ್ನೇ ನೋಡಲು ಶುರು ಮಾಡಿದಳು. ಸೋಸಿದ ಗಂಜಿ ನಳಿಗೆಯಲ್ಲಿ ಇಳಿಯುತ್ತಿರುತ್ತದೆ, ಅವಳ ಕಣ್ಣು ಪರದೆಯ ಮೇಲಿರುತ್ತದೆ. ಅದೂ ಎಂಥ ಊಟ? ಅಗಲವಾದ ಬಿಳಿ ತಟ್ಟೆ, ಅದರ ನಡುವೆ ಬೆರಳ ತುದಿಯಷ್ಟು ಏನೋ ಒಂದು, ಅದರ ನೆತ್ತಿಗೆ ಚಿಮಟಿಗೆಯಿಂದ ಇಟ್ಟ ಹೂವಿನ ಎಸಳು. ಅಡುಗೆಯವನು ಹೊರಗೆ ಬಂದು, ಇದು ನನ್ನ ಬಾಲ್ಯ, ಇದು ನನ್ನ ಅಜ್ಜಿಯ ಹಿತ್ತಲು ಎಂದು ವಿವರಿಸುತ್ತಾನೆ. ಉಂಡವರು ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಾರೆ. ಕೆಲವರು ಅಳುತ್ತಾರೆ.

ನನಗೆ ಮೈ ಉರಿಯುತ್ತಿತ್ತು. ತಾರಿಹಾಳದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಮಧ್ಯಾಹ್ನ ಅದನ್ನು ಬಿಟ್ಟು ಅವಳ ಗಂಜಿಯ ಹೊತ್ತಿಗೆ ಮನೆಗೆ ಬರುತ್ತೇನೆ. ಬಂದವನಿಗೆ ಈ ಚಿಮಟಿಗೆಯ ದರ್ಶನ.

"ಇದೇನ ಊಟ ಅಕ್ಕ? ನೀ ರೊಟ್ಟಿ ಬಡಿಯೂ ಮುಂದ ಹಾರೂ ಹಿಟ್ಟು ಇದಕ್ಕಿಂತ ಹೆಚ್ಚ ಇರತಿತ್ತು" ಎಂದೆ ಒಮ್ಮೆ.

ಅಕ್ಕ ನಗಲಿಲ್ಲ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವಳು ಅವಳು. ಸಾಕು ಎಂದು ತಾಟಿಗೆ ಕೈ ಅಡ್ಡ ಹಿಡಿದರೆ ಆ ಕೈ ಮೇಲೇ ಬಿಸಿ ರೊಟ್ಟಿ ಇಟ್ಟುಬಿಡುತ್ತಿದ್ದಳು. ಅಂಥವಳು ನಗಬೇಕಿತ್ತು.

"ಸುಮ್ನ ಕುಂದ್ರು. ಎಷ್ಟ ಸಾವಕಾಶ ತಿಂತಾರ ನೋಡು" ಎಂದಳು. ಅವಳ ದನಿ ಈಗ ಬರೀ ಗಾಳಿ, ಹತ್ತಿರ ಬಾಗಿ ಕೇಳಬೇಕು.

ಕುಳಿತೆ. ಅವಳು ನೋಡುವ ಸಿನಿಮಾಗಳದ್ದೂ ಅದೇ ಹಾಡು. ಒಂದರಲ್ಲಿ ತಂದೆ ಮಗ ಮಾತು ಬಿಟ್ಟಿದ್ದರು. ಮಗ ಭಾರೀ ಹೋಟೆಲೊಂದರ ಅಡುಗೆಯವ. ತಂದೆ ಹೇಳದೆ ಕೇಳದೆ ಅಲ್ಲಿಗೆ ಹೋಗಿ ಕುಳಿತ. ತಟ್ಟೆಗಳು ಬಂದವು, ಹೋದವು, ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೊಂದು ಬಟ್ಟಲು ಸಾರು ಬಂತು, ತಂದೆ ಅತ್ತುಬಿಟ್ಟ. ಈ ಜನರಿಗೆ ಊಟ ಕ್ಷಮೆ ಆಗುತ್ತದೆ, ಸೇಡು ಆಗುತ್ತದೆ, ತವರು ಆಗುತ್ತದೆ. ಹಸಿದವರು ಮಾತ್ರ ಅಲ್ಲಿ ಒಬ್ಬರೂ ಇರುವುದಿಲ್ಲ. ನಮ್ಮ ಕೋಣೆಯಲ್ಲಿ ಒಬ್ಬಳಿದ್ದಳು.

ಆ ವಾರ ಸುಳ್ಳ ಎಂಬ ಹಳ್ಳಿಯಿಂದ ನಮ್ಮ ಚಿಕ್ಕಮ್ಮ ಅಕ್ಕನನ್ನು ನೋಡಲು ಬಂದಳು. ರೋಗಿಯ ಮನೆಗೆ ಬರಿಗೈಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಚೀಲದಲ್ಲಿ ಕಟಕ ರೊಟ್ಟಿ, ಕೆನೆಮೊಸರು, ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ. ಮೂಗಿನ ನಳಿಗೆ ಕಂಡದ್ದೇ ಚೀಲವನ್ನು ಮಂಚದ ಕೆಳಗೆ ಸರಿಸಿದಳು ಪಾಪ. ಅಕ್ಕ ಬಿಡಬೇಕಲ್ಲ?

"ನಮ್ಮ ಮನಿಗೆ ಬಂದು ಉಪಾಸ ಹೋಗ್ತೀಯೇನು? ಉಂಡ ಹೋಗಬೇಕು."

ಚಿಕ್ಕಮ್ಮ ತಾನು ತಂದದ್ದನ್ನು ತಾನೇ ಅಕ್ಕನ ಎದುರು ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಉಂಡು ಹೋದಳು. ಉಳಿದದ್ದು ನಮ್ಮ ಮನೆಯಲ್ಲೇ ಉಳಿಯಿತು.

ಮರುದಿನ ಟಿವಿಯಲ್ಲಿ ಅಡುಗೆ ಸ್ಪರ್ಧೆ ನಡೆದಿತ್ತು. ತೀರ್ಪುಗಾರನೊಬ್ಬ ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ಆಮೇಲೆ ಅದನ್ನು ಮೆಲ್ಲಗೆ ಕರವಸ್ತ್ರಕ್ಕೆ ಉಗುಳಿದ. ಅಕ್ಕ ಎದ್ದು ಕುಳಿತಳು.

"ನೋಡಿದ್ಯಾ? ನುಂಗಲಿಲ್ಲ ಅಂವ. ನಾನೂ ನಾಲಿಗಿ ಮ್ಯಾಲ ಚೂರ ಚಟ್ನಿ ಇಟಗೊಂಡು ಉಗುಳಿಬಿಡ್ತೇನಿ. ತಾ."

ಆ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಎಂದೂ ಕಂಡಿರಲಿಲ್ಲ. ಕೊಡಲು ಕೈ ಬರಲಿಲ್ಲ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

"ಬ್ಯಾಡ್ರಿ. ಅವರ ಉಗುಳ ಸೈತ ಶ್ವಾಸನಾಳಕ್ಕ ಜಾರಾಕತ್ತೇತಿ. ಪುಡಿ ಒಳಗ ಹೋದ್ರ ನಾವೇನೂ ಮಾಡಾಕ ಆಗೂದಿಲ್ರಿ."

"ಮುಂದ ಯಾವಾಗರ?"

"ನೋಡೋಣ್ರಿ."

ಆ ನೋಡೋಣದ ಅರ್ಥ ನನಗೆ ತಿಳಿಯಿತು. ಒಳಗೆ ಬಂದಾಗ ನನ್ನ ಮುಖ ನೋಡಿ ಅವಳಿಗೂ ತಿಳಿಯಿತು. ಸವೆದ ಶಾಫ್ಟಿಗೆ ಹೊಸ ಜೀವ ಕೊಟ್ಟು ಹೊಟ್ಟೆ ಹೊರೆದವನು ನಾನು. ಇಲ್ಲಿ ಯಾವ ಮೆಷಿನ್ನಿಗೆ ಏನು ಹಚ್ಚಲಿ?

ಅಕ್ಕ ಚಟ್ನಿ ಡಬ್ಬಿಯತ್ತ ಕೈ ಮಾಡಿದಳು. "ಹಂಗಾರ ನೀ ತಿನ್ನು. ತಿಂದು ನನಗ ಹೇಳು."

ತಾಟಿನಲ್ಲಿ ರೊಟ್ಟಿ ಮುರಿದು, ಚಟ್ನಿಗೆ ಮೊಸರು ಕಲಸಿ, ಅವಳ ಎದುರು ಕುಳಿತು ತಿಂದೆ.

"ಹ್ಯಾಂಗ ಐತಿ?"

"ಛಲೋ ಐತಿ."

"ಛಲೋ ಅಂದ್ರ? ಗುರೆಳ್ಳು ಹೆಚ್ಚ ಹುರದಾಳೇನು? ಬಳ್ಳೊಳ್ಳಿ ಮೊದಲ ಬರತೈತೋ, ಖಾರ ಮೊದಲ ಬರತೈತೋ?"

ನಾಲಿಗೆಯನ್ನು ಬಾಯಿ ತುಂಬ ಆಡಿಸಿದೆ. ಒಂದೂ ಗೊತ್ತಾಗಲಿಲ್ಲ. ಟಿವಿಯವರು ಒಂದು ಚಮಚ ಸಾರಿಗೆ ಎಷ್ಟೆಲ್ಲ ಮಾತಾಡುತ್ತಾರೆ. ನನಗೆ ಹೊಳೆದದ್ದು ಉಪ್ಪು, ಖಾರ, ಛಲೋ ಅಷ್ಟೇ. "ನನಗ ಹೇಳಾಕ ಬರೂದಿಲ್ಲ ಅಕ್ಕ" ಎಂದೆ. ಸಿಟ್ಟೂ ಬಂತು, ಅಳುವೂ ಬಂತು.

ಅವಳು ಕೇಳುವುದನ್ನು ಬಿಟ್ಟಳು. ನನ್ನ ಗಂಟಲನ್ನೇ ನೋಡತೊಡಗಿದಳು. ನಾನು ತುತ್ತು ನುಂಗಿದೆ, ಅದರ ಜೊತೆಗೇ ಅವಳ ಗಂಟಲೂ ಆಡಿತು. ಅವಳ ಬಾಯಲ್ಲಿ ಬರೀ ಉಗುಳಿತ್ತು, ಅದೂ ತಪ್ಪುದಾರಿ ಹಿಡಿಯಿತು. ಕೆಮ್ಮು ಹತ್ತಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ತಾಟು ಬದಿಗೆ ದೂಡಿ ಅವಳ ಬೆನ್ನು ಸವರುತ್ತ ಕುಳಿತೆ. ಅದೊಂದು ಬಿಟ್ಟು ನನಗೇನು ಬರುತ್ತಿತ್ತು?

ಕೆಮ್ಮು ನಿಂತಿತು. ಅವಳು ಉಸಿರು ತಂದುಕೊಂಡು, ಕೈ ಚಾಚಿ ತಾಟನ್ನು ಮತ್ತೆ ನನ್ನ ಮುಂದಕ್ಕೆ ಎಳೆದಳು.

"ತಿನ್ನು" ಎಂದಳು. "ನಾ ನೋಡ್ತೇನಿ."

ತಿಂದೆ.