ಶಿವಗಂಗತ್ತೆಯ ಬಿಳಿ ವಾಚುಗಳು

ಶಿವಗಂಗತ್ತೆಯ ಬಳಿ ಒಂದು ಟ್ರಂಕಿನ ತುಂಬ ವಾಚುಗಳಿದ್ದವು. ಆದರೂ ಗುಬ್ಬಿಯಿಂದ ತುಮಕೂರಿನ ನಮ್ಮ ಮನೆಗೆ ಬಸ್ಸಿನಲ್ಲಿ ಬರುವಾಗ ಪಕ್ಕದವರ ಮೊಣಕೈ ತಟ್ಟಿ, "ಟೈಮೆಷ್ಟಾತಪ್ಪಾ?" ಎಂದು ಕೇಳುತ್ತಿದ್ದರು. ಅವರ ಮಣಿಕಟ್ಟು ಯಾವಾಗಲೂ ಬರಿದು. "ಕಟ್ಕೊಳ್ಳೋ ವಾಚೇ ಬೇರೆ, ಇಟ್ಕೊಳ್ಳೋ ವಾಚೇ ಬೇರೆ ಕಣೇ" ಎನ್ನುತ್ತಿದ್ದರು.

ಅವರು ನನ್ನ ಯಜಮಾನರ ಸೋದರತ್ತೆ. ಮದುವೆಯಾಗಿರಲಿಲ್ಲ. ನಿವೃತ್ತಿಯವರೆಗೂ ವಾಚ್ ಕಾರ್ಖಾನೆಯಲ್ಲಿ ಸ್ಟೀಲ್ ವಾಚುಗಳಿಗೆ ಮುಳ್ಳು ಕೂರಿಸಿದವರಿಗೆ ಹುಚ್ಚು ಹಿಡಿದದ್ದು ಮಾತ್ರ ಪ್ಲಾಸ್ಟಿಕ್ ವಾಚುಗಳದ್ದು. ಫಾರಿನ್ನಿಗೆ ಹೋಗುವವರಿಗೆ ದುಂಬಾಲು ಬಿದ್ದು ತರಿಸುತ್ತಿದ್ದರು. ಕೈಗೆ ಬಂದೊಡನೆ ಸೆಲ್ ತೆಗೆದು, ಧೂಳು ಸೋಕದಂತೆ ಕವರಿನಲ್ಲಿ ಬಿಗಿಯಾಗಿ ಸುತ್ತಿ, ನುಸಿಗುಳಿಗೆ ಹಾಕಿ ಬೀಗ. ಟ್ರಂಕಿನ ಕೀ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕದಲ್ಲೇ ತೂಗುತ್ತಿತ್ತು.

ಅವುಗಳಲ್ಲಿ ಹಾಲಿನಂಥ ಬಿಳಿಯ ಜೋಡಿಯೊಂದಿತ್ತು. ಅದರಲ್ಲಿ ಒಂದನ್ನು ಹಾಗೆಯೇ ಸುತ್ತಿ ನನ್ನ ಬೀರುವಿನಲ್ಲಿರಿಸಿದರು. "ಕಳ್ಳ ನುಗ್ಗಿದ್ರೆ ಒಂದಾದ್ರೂ ಉಳೀಲಿ. ಮುಟ್ಟೀಯ ಮತ್ತೆ!" ಆಗೆಲ್ಲ ಅವರು ಬಂದವರೇ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ, ಡಬ್ಬಗಳ ಮುಚ್ಚಳ ತೆಗೆಯುತ್ತ, "ಏನೇ, ಚಕ್ಕುಲಿ ಎಲ್ಲಿ ಬಚ್ಚಿಟ್ಟಿದೀಯೆ?" ಎಂದು ಕೂಗುತ್ತಿದ್ದರು. ಹೆಚ್ಚು ಮಾತಿಲ್ಲದ ನನ್ನ ಮನೆಗೆ ಆ ಕೂಗೇ ಸದ್ದು.

ನಾದಿನಿಯ ನಿಶ್ಚಿತಾರ್ಥದ ದಿನ ಬೀಗರಿಗೆ ತೋರಿಸಬೇಕೆಂದು ನನ್ನ ಬೀರುವಿನಿಂದ ಆ ವಾಚು ತರಿಸಿದರು. ಕವರು ಬಿಚ್ಚಿದರೆ ಹಾಲುಬಿಳುಪು ಮಾಯ. ಹಳೆಯ ತುಪ್ಪದ ಬಣ್ಣ. ಪಟ್ಟಿಯಂತೂ ಇನ್ನೂ ಕಂದು.

"ಇದು ಬೆವರು ಕಣೇ. ಕಟ್ಕೊಂಡು ಓಡಾಡಿದೀಯ. ಕೇಳಿದ್ರೆ ಬ್ಯಾಡ ಅಂತಿದ್ನೇನೇ?"

ನಡುಮನೆಯ ತುಂಬ ಜನ. ಹಿರಿಯರ ಮುಖ ಬಾಡಿದರೆ ಮೊದಲು ಸಾರಿ ಹೇಳಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಅವರ ಮುಖ ಅಷ್ಟು ಬಾಡಿತ್ತು. "ಸಾರಿ ಅತ್ತೆ" ಎಂದುಬಿಟ್ಟೆ.

ಎಲ್ಲರಿಗೂ ಅದು ತಪ್ಪೊಪ್ಪಿಗೆಯಾಗಿ ಕೇಳಿಸಿತು. ಬೀಗಿತ್ತಿಯೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ನನ್ನ ಕೈ ನೋಡಿದರು. ಬಡಿಸುವಾಗಲೂ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಇದ್ದೆ. ಮುಟ್ಟದವಳಿಗೆ ಅಷ್ಟು ನಾಚಿಕೆ ಎಲ್ಲಿಂದ ಬಂತೋ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅತ್ತೆ ಬಂದರು. ಒಳಗೆ ಬರದೆ ಬಾಗಿಲ ಬಳಿಯೇ ಕುಳಿತು, ಮಡಿಲಲ್ಲಿ ಆ ಜೋಡಿಯ ಎರಡೂ ವಾಚು ಇಟ್ಟುಕೊಂಡರು. ಯಾವುದು ನನ್ನ ಬೀರುವಿನದು, ಯಾವುದು ಅವರ ಟ್ರಂಕಿನದು ಎಂದು ಹೇಳಲಾಗದಂತೆ ಎರಡೂ ಹಳದಿ.

"ಕೀ ನನ್ ಕೊರಳಲ್ಲೇ ಇತ್ತು. ಇನ್ಯಾರ್ ಮುಟ್ತಾರೆ?" ಎಂದರು. ಕುಣಿಗಲ್ಲಿನಲ್ಲಿ ವಾಚಿನಂಗಡಿ ಇಟ್ಟಿರುವ ಕಾರ್ಖಾನೆಯ ಹಳೆಯ ಜೊತೆಗಾರನಿಗೆ ತೋರಿಸಿ ಬಂದಿದ್ದರು. "ಪ್ಲಾಸ್ಟಿಕ್ಕಿನ ಹೊಟ್ಟೇಲೇ ಐತಂತೆ ಹಳದಿ. ಬಿಸ್ಲಿಗಿಟ್ರೂ ಬರ್ತದೆ, ಕತ್ಲಲ್ಲಿಟ್ರೂ ಬರ್ತದೆ. ಗಾಳಿ, ಶೆಕೆ ಸಾಕಂತೆ. ಉಸಿರು ಕಟ್ಟೋ ಹಂಗೆ ಸುತ್ತಿ, ಗುಳಿಗೆ ಹಾಕಿ, ನಾನೇ ಇನ್ನಷ್ಟು ಕೆಡಿಸ್ದೆ. ಇದೂ ಸ್ಟೀಲ್ ವಾಚ್ ಥರಾನೇ ಅಂದ್ಕೊಂಡೆ."

ಎರಡನ್ನೂ ಒಂದರ ಮೇಲೊಂದಿಟ್ಟು ಕೇಳಿದರು: "ಮಾಡ್ದೇ ಇರೋದಕ್ಕೆ ಸಾರಿ ಯಾಕಂದೆ ನೀನು?"

ಅಂದು "ನಾನಲ್ಲ" ಎಂದಿದ್ದರೆ ಜಗಳವಾಡಿ ಮುಗಿಸುತ್ತಿದ್ದರು. ನನ್ನ ಒಳ್ಳೆಯತನ ಅವರಿಗೆ ಆ ದಾರಿಯನ್ನೂ ಬಿಡಲಿಲ್ಲ.

ಒಂದು ವಾಚನ್ನು ಬಿಟ್ಟು ಹೋದರು. ಆಮೇಲೆ ಬಂದಾಗಲೆಲ್ಲ ಕಾಲಿಂಗ್ ಬೆಲ್ ಒತ್ತಿ ಕಾಯುತ್ತಿದ್ದರು. "ಒಂದ್ ಲೋಟ ನೀರು ತಗೋಬೋದೇನಮ್ಮ?" ಎನ್ನುತ್ತಿದ್ದರು. ಡಬ್ಬಗಳ ಮುಚ್ಚಳ ಮತ್ತೆ ಸದ್ದು ಮಾಡಲಿಲ್ಲ. ಬೇಕೆಂದೇ ಚಕ್ಕುಲಿ ಡಬ್ಬವನ್ನು ಎದುರಿಗೇ ಇಡುತ್ತಿದ್ದೆ. ಅವರು ನೋಡಿ, ಕಣ್ಣು ಬೇರೆಡೆ ಹೊರಳಿಸುತ್ತಿದ್ದರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ ಆ ಹಳದಿ ವಾಚಿಗೆ ಸೆಲ್ ಹಾಕಿಸಿ, ಎಡಗೈಗೆ ಕಟ್ಟಿಕೊಂಡು ಗುಬ್ಬಿಗೆ ಹೋದೆ. ದಿಂಬು ಸರಿಮಾಡಲು ಬಾಗಿದಾಗ ಅವರ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಯಾರ್ನ ಕೇಳಿ ಕಟ್ಕೊಂಡ್ಯೇ ಇದನ್ನ?"

"ಯಾರನ್ನೂ ಕೇಳ್ಲಿಲ್ಲ."

"ಸಾರಿ ಅನ್ನು."

"ಅನ್ನಲ್ಲ ಅತ್ತೆ."

ಬೊಚ್ಚು ಬಾಯಿ ತೆರೆದು ನಕ್ಕರು. ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಬಣ್ಣ ಹೋಗುತ್ತದೇನೋ ಎಂಬಂತೆ. ಆಮೇಲೆ ಕಣ್ಣು ಮುಚ್ಚಿಯೇ ಕೇಳಿದರು: "ಟೈಮೆಷ್ಟಾತೇ?"

ಮುಳ್ಳು ನೋಡಿ ಹೇಳಿದೆ. ಅವರ ವಾಚು ಅವರಿಗೆ ಟೈಮು ಹೇಳಿದ್ದು ಅದೊಂದೇ ಸಲ.